ಪಿಕಪ್‌ನಲ್ಲಿ ಚೆಕ್ ಲೈಟ್ ಬಂತಾ? ಪಾರ್ಟ್ ತರುವ ಮೊದಲು ಇದನ್ನು ನೋಡಿ

ಹೋದ ವರ್ಷ ಈರುಳ್ಳಿ ಕೀಳುವ ಹೊತ್ತು. ಚಿತ್ರದುರ್ಗದ ಕಡೆಯಿಂದ ದಾವಣಗೆರೆಗೆ ಲೋಡು ಹಾಕಿಕೊಂಡು ಬರುತ್ತಿದ್ದೆ. ಭರಮಸಾಗರ ಇನ್ನೇನು ಬಂತು ಅನ್ನುವಾಗ ಮೀಟರ್‌ನಲ್ಲಿ ಹಳದಿ ಇಂಜಿನ್ ಲೈಟ್ ಹತ್ತಿತು, ಗಾಡಿಯ ದಮ್ಮೇ ಹೋಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ 40ರ ಮೇಲೆ ಏಳಲಿಲ್ಲ. ದಾರಿಯಲ್ಲಿ ಸಿಕ್ಕ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು. ಪಿ0299 ಅನ್ನುವ ಕೋಡ್ ಬಂತು. "ಟರ್ಬೋ ಹೋಗೈತಿ ಅಣ್ಣಾ, ಹೊಸದೇ ಹಾಕ್ಬೇಕು" ಅಂದುಬಿಟ್ಟರು. ಟರ್ಬೋ ಅಂದರೆ ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ. ಅವರು ಬಾನೆಟ್ ಎತ್ತಿಯೂ ನೋಡಿರಲಿಲ್ಲ.

ನಾನು ಒಪ್ಪಲಿಲ್ಲ. ನಿಧಾನಕ್ಕೆ ಊರು ಸೇರಿ, ಲೋಡು ಇಳಿಸಿ, ಮಾರನೇ ದಿನ ಬೆಳಿಗ್ಗೆ ನಾನೇ ಹುಡುಕಿದೆ. ಟರ್ಬೋ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ನಿಂದ ಇಂಜಿನ್‌ಗೆ ಬರುವ ದಪ್ಪ ರಬ್ಬರ್ ಹೋಸ್ ಅಡಿಭಾಗದಲ್ಲಿ ಸೀಳಿತ್ತು. ಹೋಸ್ ಬದಲಾಯಿಸಿದೆ, ಅಷ್ಟೇ. ಅವತ್ತಿನಿಂದ ಇವತ್ತಿನವರೆಗೂ ಅದೇ ಟರ್ಬೋ ಓಡುತ್ತಿದೆ.

ಪಿ0299 ಅಂದರೆ "ಟರ್ಬೋ ಕೆಟ್ಟಿದೆ" ಅಂತ ಅಲ್ಲ. "ಇಂಜಿನ್‌ಗೆ ಬರಬೇಕಾದಷ್ಟು ಗಾಳಿಯ ಒತ್ತಡ ಬರುತ್ತಿಲ್ಲ" ಅಂತ ಅಷ್ಟೇ. ಕೋಡ್ ಹೇಳುವುದು ನೋವು ಎಲ್ಲಿದೆ ಅಂತ. ಕಾರಣ ಏನು ಅಂತ ಹುಡುಕಬೇಕಾದವರು ನಾವು. ದಿನದ ಬಾಡಿಗೆ ನಂಬಿಕೊಂಡಿರುವವರಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಎಷ್ಟೋ ದುಡ್ಡು ಉಳಿಯುತ್ತದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಲೈಟಿನ ಬಣ್ಣ ನೋಡಿ. ಕೆಂಪು ಆಯಿಲ್ ಲೈಟ್ ಬಂದರೆ ಅಥವಾ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ ಅಲ್ಲೇ ಸೈಡಿಗೆ ಹಾಕಿ ಇಂಜಿನ್ ಆಫ್ ಮಾಡಿ. ಇನ್ನೊಂದು ಕಿಲೋಮೀಟರ್ ಹೋಗೋಣ ಅನ್ನುವ ಯೋಚನೆಯೇ ಬೇಡ, ಇಂಜಿನ್ ಹಿಡಿದುಕೊಂಡುಬಿಡುತ್ತದೆ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಲೂ ಬೇಡಿ. ಹಳದಿ ಇಂಜಿನ್ ಲೈಟ್ ಮಾತ್ರ ಇದ್ದು, ಶಬ್ದ ಸರಿ ಇದ್ದು, ಕಪ್ಪು ಹೊಗೆ ಬರದಿದ್ದರೆ ನಿಧಾನಕ್ಕೆ ಊರು ಸೇರಬಹುದು. ಗಾಡಿ ಎಳೆಯದೇ ಇರುವುದು ಹಲವು ಸಲ ಗಾಡಿಯೊಳಗಿನ ಕಂಪ್ಯೂಟರೇ ಮಾಡುವ ಕೆಲಸ. ಇಂಜಿನ್‌ಗೆ ಇನ್ನೂ ಪೆಟ್ಟು ಬೀಳದಿರಲಿ ಅಂತ ಅದು ಪವರ್ ಇಳಿಸಿರುತ್ತದೆ.

ಈಗ ಸ್ಕ್ಯಾನರ್ ವಿಷಯ. ದೊಡ್ಡದೇನೂ ಬೇಕಿಲ್ಲ. ಬ್ಲೂಟೂತ್‌ನಲ್ಲಿ ಫೋನಿಗೆ ಕನೆಕ್ಟ್ ಆಗುವ ಗಾಡಿಯ ಕಂಪ್ಯೂಟರಿನ ಕೋಡ್ ಓದುವ ಸಣ್ಣ ಒಬಿಡಿ ಅಡಾಪ್ಟರ್ ಮತ್ತು ಫೋನಿನಲ್ಲಿ ಒಂದು ಆ್ಯಪ್ ಇದ್ದರೆ ಶುರು ಮಾಡಲು ಸಾಕು. ದೇಶದೆಲ್ಲೆಡೆ 2017ರ ಏಪ್ರಿಲ್‌ನಿಂದ ಬಿಎಸ್ 4, 2020ರ ಏಪ್ರಿಲ್‌ನಿಂದ ಬಿಎಸ್ 6 ಹೊಗೆ ನಿಯಮ ಬಂತಲ್ವಾ, ಆ ಗಾಡಿಗಳಲ್ಲಿ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ ಡ್ಯಾಶ್‌ಬೋರ್ಡ್ ಅಡಿಯಲ್ಲಿ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅಲ್ಲಿಗೆ ಚುಚ್ಚಿ, ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಓದಿ. ಕೆಲಸ ಮುಗಿದ ಮೇಲೆ ಅಡಾಪ್ಟರ್ ತೆಗೆದಿಡಿ. ಅಲ್ಲೇ ಬಿಟ್ಟರೆ ಸುಮ್ನೆ ಬ್ಯಾಟರಿ ಇಳಿಯುತ್ತದೆ.

ಕೋಡ್ ಕಂಡ ಕೂಡಲೇ ಅಳಿಸುವ ಬಟನ್ ಒತ್ತಬೇಡಿ! ಸುಮಾರು ಜನ ಮಾಡುವ ತಪ್ಪು ಇದೇ. ಎಲ್ಲ ಕೋಡ್‌ಗಳ ಫೋಟೋ ತೆಗೆದುಕೊಳ್ಳಿ. ಆ್ಯಪ್‌ನಲ್ಲಿ ಫ್ರೀಜ್ ಫ್ರೇಮ್ ಅಂತ ಇದ್ದರೆ ಅದರದ್ದೂ ತೆಗೆಯಿರಿ. ಕೋಡ್ ಬಿದ್ದ ಕ್ಷಣದಲ್ಲಿ ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಲೋಡಿನಲ್ಲಿ ಎಳೆಯುತ್ತಿತ್ತು ಎಲ್ಲ ಅದರಲ್ಲಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ, ಆಮೇಲೆ ಮೆಕ್ಯಾನಿಕ್ ಕತ್ತಲಲ್ಲಿ ಹುಡುಕಬೇಕಾಗುತ್ತದೆ.

ಕೋಡ್ ಓದುವುದು ಸುಲಭ. ಮೊದಲ ಅಕ್ಷರ ಪಿ ಇದ್ದರೆ ಇಂಜಿನ್, ಗೇರ್‌ಬಾಕ್ಸ್ ಕಡೆಯದು. ಸಿ ಅಂದರೆ ಬ್ರೇಕು, ಸ್ಟೀರಿಂಗ್ ಕಡೆಯದು. ಪಿ ಆದ ಮೇಲೆ 0 ಬಂದರೆ ಎಲ್ಲ ಕಂಪನಿ ಗಾಡಿಗೂ ಒಂದೇ ಅರ್ಥ. 1 ಬಂದರೆ ಆ ಕಂಪನಿಯವರೇ ಇಟ್ಟ ಕೋಡು, ಇಂಟರ್ನೆಟ್ಟಿನಲ್ಲಿ ಬೇರೆ ಕಂಪನಿಯ ಅರ್ಥ ಓದಿ ಮೋಸ ಹೋಗಬೇಡಿ.

ನಾನು ಹುಡುಕಿದ ರೀತಿಯನ್ನೇ ಪೂರ್ತಿ ಹೇಳುತ್ತೇನೆ, ಬೇರೆ ಕೋಡ್‌ಗೂ ಇದೇ ದಾರಿ. ಮೊದಲು ಏರ್ ಫಿಲ್ಟರ್ ಬಿಚ್ಚಿದೆ. ಮೆಕ್ಕೆಜೋಳ ಒಕ್ಕುವ ಕಣಕ್ಕೆ, ಅಥವಾ ಭೀಮಸಮುದ್ರದ ಕಡೆ ಗಣಿ ಧೂಳಿನ ರಸ್ತೆಗೆ ಹೋಗಿ ಬರುವ ಗಾಡಿಯ ಫಿಲ್ಟರ್ ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರ್ ಬಾಳುವುದಿಲ್ಲ. ನನ್ನದು ಪರವಾಗಿರಲಿಲ್ಲ. ಆಮೇಲೆ ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಆ್ಯಪ್‌ನ ಲೈವ್ ಡೇಟಾದಲ್ಲಿ ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಓದಿದೆ. ಇಂಜಿನ್ ನಿಂತಿದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ದಾವಣಗೆರೆ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಹಾಗಾಗಿ ಇಲ್ಲಿ 94 ಕಿಲೋಪಾಸ್ಕಲ್ ಆಸುಪಾಸು ಬರಬೇಕು. ಚಿತ್ರದುರ್ಗ ಇನ್ನೂ ಎತ್ತರ, ಅಲ್ಲಿ ಒಂದೆರಡು ಕಡಿಮೆ. ಪುಸ್ತಕದಲ್ಲಿ 101 ಅಂತ ಇದೆಯಲ್ಲ, ಇಲ್ಲಿ ಕಡಿಮೆ ತೋರಿಸುತ್ತಿದೆ ಅಂತ ಸೆನ್ಸರ್ ಬದಲಾಯಿಸಿಬಿಡಬೇಡಿ. 101 ಸಮುದ್ರ ತೀರದ ಲೆಕ್ಕ.

ನನಗೆ 94 ಬಂತು. ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ, ಒತ್ತಡ ನಿಜವಾಗಿಯೂ ಕಡಿಮೆ ಇರಬೇಕು, ಎಲ್ಲಾದರೂ ಸೋರುತ್ತಿದೆಯಾ ಅಂತ ಮೊದಲು ನೋಡಬೇಕು. ಟರ್ಬೋದಿಂದ ಇಂಟರ್‌ಕೂಲರ್, ಅಲ್ಲಿಂದ ಇಂಜಿನ್, ಹೀಗೆ ಪ್ರತಿ ಹೋಸ್ ಮೇಲೆ ಕೈಯಾಡಿಸುತ್ತಾ ಹೋದೆ. ಇಂಜಿನ್ ಆಫ್ ಇರಬೇಕು, ತಣ್ಣಗಿರಬೇಕು. ಹೋಸ್‌ನ ಕೆಳಗಡೆ ಬೆರಳಿಗೆ ಎಣ್ಣೆ ಜಿಡ್ಡು ಹತ್ತಿತು, ಅದರ ಮೇಲೆ ಧೂಳು ಗಟ್ಟಿಯಾಗಿ ಕೂತಿತ್ತು. ಟರ್ಬೋ ಗಾಳಿಯಲ್ಲಿ ಸ್ವಲ್ಪ ಎಣ್ಣೆಯ ಆವಿ ಇದ್ದೇ ಇರುತ್ತದೆ, ಗಾಳಿ ಸೋರುವ ಕಡೆ ಅದು ಗುರುತು ಬಿಡುತ್ತದೆ. ಸೀಳು ನಿಂತ ಗಾಡಿಯಲ್ಲಿ ಕಾಣುತ್ತಿರಲಿಲ್ಲ, ಹೋಸ್ ಬಗ್ಗಿಸಿದಾಗ ಬಾಯಿ ಬಿಟ್ಟಿತು. ಲೋಡಿನಲ್ಲಿ ಮಾತ್ರ ತೊಂದರೆ ಬರುತ್ತಿದ್ದದ್ದು ಅದಕ್ಕೇ.

ಪಿ0087 ಬಂದರೆ ಡೀಸೆಲ್ ರೈಲ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಕೊಡುವ ಪೈಪಿನಲ್ಲಿ, ಒತ್ತಡ ಸಾಲುತ್ತಿಲ್ಲ ಅಂತ. ಪಂಪ್ ಬೆಲೆ ಕೇಳುವ ಮೊದಲು ಡೀಸೆಲ್ ಫಿಲ್ಟರ್ ನೋಡಿ, ಅದರ ಅಡಿಯ ನೀರು ಬಿಡಿ, ಟ್ಯಾಂಕಿನಿಂದ ಬರುವ ಪೈಪು ಗಾಳಿ ಎಳೆಯುತ್ತಿದೆಯಾ ನೋಡಿ. ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೇ ಇಂಜಿನ್‌ನಲ್ಲಿ ಮಾಡುತ್ತಿದ್ದ ಹಾಗೆ, ಸ್ಟಾರ್ಟ್ ಇರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಲೇಬೇಡಿ. ಕಾಮನ್ ರೈಲ್‌ನಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣದಾಗಿ ಕಂಡರೂ ಸೀದಾ ಆಸ್ಪತ್ರೆಗೆ ಹೋಗಿ.

ಪಿ0401 ಅಂದರೆ ಇಜಿಆರ್‌ನಲ್ಲಿ, ಅಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ದಾರಿಯಲ್ಲಿ, ಹೊಗೆ ಸರಿಯಾಗಿ ಹರಿಯುತ್ತಿಲ್ಲ. ಮಸಿ ಕಟ್ಟಿರುವ ಸಾಧ್ಯತೆ ಜಾಸ್ತಿ, ಬಿಚ್ಚಿ ಕ್ಲೀನ್ ಮಾಡಿಸಿ ನೋಡಿ. ಪಿ2463 ಬಿಎಸ್ 6 ಗಾಡಿಗಳಲ್ಲಿ ಬರುತ್ತದೆ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್‌ನಲ್ಲಿ ಮಸಿ ತುಂಬಿದೆ ಅಂತ ಅರ್ಥ. ದಿನವಿಡೀ ಊರೊಳಗೇ ಎರಡೆರಡು ಕಿಲೋಮೀಟರ್ ಓಡಾಡುವ ಗಾಡಿಗೆ ಇದು ಬೇಗ ಬರುತ್ತದೆ, ಮಸಿ ಸುಡುವಷ್ಟು ಬಿಸಿಯೇ ಆಗಿರುವುದಿಲ್ಲ. ಡಿಪಿಎಫ್ ಲೈಟ್ ಮೊದಲ ಸಲ ಬಂದಾಗಲೇ ಹೈವೇಗೆ ಇಳಿದು ಇಪ್ಪತ್ತು ಮೂವತ್ತು ನಿಮಿಷ ಒಂದೇ ಸಮನೆ ಓಡಿಸಿದರೆ ಎಷ್ಟೋ ಸಲ ತಾನೇ ಸರಿಹೋಗುತ್ತದೆ. ತಡ ಮಾಡಿ, ಇಂಜಿನ್ ಲೈಟೂ ಬಂದು ಗಾಡಿ ಎಳೆಯದ ಹಾಗೆ ಆದರೆ ಸರ್ವಿಸ್ ಸೆಂಟರ್‌ಗೇ ಹೋಗಬೇಕು.

ಒಂದಕ್ಕೊಂದು ಸಂಬಂಧವೇ ಇಲ್ಲದ ಸೆನ್ಸರ್ ಕೋಡ್‌ಗಳು ನಾಲ್ಕೈದು ಒಟ್ಟಿಗೆ ಬಂದರೆ ಅಷ್ಟೂ ಸೆನ್ಸರ್ ಒಂದೇ ದಿನ ಕೆಡುವುದು ಅಪರೂಪ. ಬ್ಯಾಟರಿ, ಅರ್ತ್ ವೈರ್, ಕನೆಕ್ಟರ್ ನೋಡಿ. ಇಂಜಿನ್ ನಿಂತಾಗ ಬ್ಯಾಟರಿ 12.5 ವೋಲ್ಟ್ ಹತ್ತಿರ, ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ಒಳಗೆ ಇರಬೇಕು. ಗೋಡೌನ್ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಕಾಟ ಮರೆಯಬೇಡಿ. ಜೋಳದ ಕಾಳಿಗೆ ಬಂದ ಇಲಿ ರಾತ್ರಿ ಬೆಚ್ಚಗಿರುವ ಇಂಜಿನ್ ಮೇಲೆ ಮಲಗಿ ವೈರ್ ಕಡಿಯುತ್ತದೆ. ನನ್ನ ತಮ್ಮನ ಗಾಡಿಗೆ ಪಿ0118 ಬಂದಿತ್ತು, ಕೂಲೆಂಟ್ ಟೆಂಪರೇಚರ್ ಸೆನ್ಸರ್‌ನದು. ಸೆನ್ಸರ್ ಹೊಸದು ಹಾಕಿದರೂ ಹೋಗಲಿಲ್ಲ. ಕೊನೆಗೆ ನೋಡಿದರೆ ಕನೆಕ್ಟರ್‌ನಿಂದ ಒಂದು ಗೇಣು ದೂರದಲ್ಲಿ ವೈರ್ ತುಂಡಾಗಿತ್ತು.

ರಿಪೇರಿ ಆದ ಮೇಲೆ ಈಗ ಕೋಡ್ ಅಳಿಸಿ. ಆದರೆ ಖಾಲಿ ಗಾಡಿಯನ್ನು ಓಣಿಯಲ್ಲಿ ಒಂದು ಸುತ್ತು ಹಾಕಿ ಸರಿಹೋಯಿತು ಅಂದುಕೊಳ್ಳಬೇಡಿ. ಯಾವ ಸ್ಥಿತಿಯಲ್ಲಿ ಕೋಡ್ ಬಿದ್ದಿತ್ತೋ ಅದೇ ಸ್ಥಿತಿಯಲ್ಲಿ ಓಡಿಸಿ, ಫ್ರೀಜ್ ಫ್ರೇಮ್ ಫೋಟೋ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾನು ಲೋಡು ಹಾಕಿಕೊಂಡೇ ಭರಮಸಾಗರದವರೆಗೆ ಹೋಗಿ ಬಂದೆ. ಏರಿನಲ್ಲಿ ಮ್ಯಾಪ್ 150 ಕಿಲೋಪಾಸ್ಕಲ್ ದಾಟಿ ಮೇಲೆ ಹೋಯಿತು, ಅಂದರೆ ಟರ್ಬೋ ಒತ್ತಡ ಬರುತ್ತಿದೆ. ಮನೆಗೆ ಬಂದು ಮತ್ತೆ ಸ್ಕ್ಯಾನ್ ಮಾಡಿದೆ. ಪೆಂಡಿಂಗ್ ಅನ್ನುವ ಪಟ್ಟಿಯನ್ನೂ ತೆರೆದು ನೋಡಿ. ಲೈಟ್ ಬರುವ ಮೊದಲು ಕೋಡ್ ಅಲ್ಲೇ ಕಾಣಿಸಿಕೊಳ್ಳುವುದು. ಮೂರು ನಾಲ್ಕು ದಿನದ ಓಡಾಟ ಆದ ಮೇಲೂ ಅದು ಖಾಲಿ ಇದ್ದರೆ ದೂರದ ಬಾಡಿಗೆ ಒಪ್ಪಿಕೊಳ್ಳಬಹುದು.