ಫಿಲಿಪ್ಪೀನ್ಸ್‌ನ ಬೆಳ್ಳಿ ಪೇಸೊ ಕೊಳ್ಳುವುದು: ಮೊದಲು ಇಸವಿ, ಆಮೇಲೆ ತೂಕ, ಕೊನೆಗೆ ಚಂದ

ಫಿಲಿಪ್ಪೀನ್ಸ್‌ನ ವಸಾಹತು ಕಾಲದ ನಾಣ್ಯ ಕೂಡಿಡಲು ಹೊರಟವರು 1903ರಿಂದ 1945ರವರೆಗಿನ ಅಮೆರಿಕನ್ ಆಳ್ವಿಕೆಯ ಸರಣಿಯಿಂದ ಶುರುಮಾಡುವುದು ಒಳ್ಳೆಯದು. ಸ್ಪ್ಯಾನಿಷ್ ಕಾಲದವು ಸೆಳೆಯುತ್ತವೆ, ನಿಜ. ಆದರೆ ದಕ್ಷಿಣ ಅಮೆರಿಕದ ಬೆಳ್ಳಿ ನಾಣ್ಯಗಳ ಮೇಲೆ 1828ರ ನಂತರ ಮನಿಲಾದಲ್ಲಿ ಒತ್ತಿದ ಮರುಮುದ್ರೆಗಳಂಥವನ್ನು ಅಸಲಿ ಹಳೆಯ ನಾಣ್ಯದ ಮೇಲೆಯೇ ಇವತ್ತೂ ಒತ್ತಬಹುದು. ಆಗ ತೂಕ, ಲೋಹ ಎರಡೂ ಸರಿಯಿದ್ದು ಮುದ್ರೆ ಮಾತ್ರ ಸುಳ್ಳಾಗಿರುತ್ತದೆ. ಕಣ್ಣು ಪಳಗುವವರೆಗೆ ಅತ್ತ ಹೋಗದಿರುವುದೇ ಕ್ಷೇಮ.

ಅಮೆರಿಕನ್ ಸರಣಿಯ ವಿನ್ಯಾಸ ಫಿಲಿಪಿನೊ ಕೆತ್ತನೆಗಾರ ಮೆಲೆಸಿಯೊ ಫಿಗೆರೋವಾ ಅವರದು. ಬೆಳ್ಳಿ ನಾಣ್ಯಗಳಲ್ಲಿ ಕಮ್ಮಾರನ ಅಡಿಗಲ್ಲಿನ ಪಕ್ಕ ಸುತ್ತಿಗೆ ಹಿಡಿದು ನಿಂತ ಹೆಣ್ಣು, ಹಿನ್ನೆಲೆಯಲ್ಲಿ ಹೊಗೆಯಾಡುವ ಮಯೋನ್ ಜ್ವಾಲಾಮುಖಿ. ಕಂಚು ಮತ್ತು ನಿಕ್ಕಲ್ ಚಿಲ್ಲರೆಯಲ್ಲಿ ಕುಳಿತ ಗಂಡಸು. ಇನ್ನೊಂದು ಬದಿಯಲ್ಲಿ ಅಮೆರಿಕದ ಹದ್ದು, ಗುರಾಣಿ, ಕೆಳಗೆ ಇಸವಿ. ಟಂಕಸಾಲೆಯ ಗುರುತು ಇಸವಿಯ ಎಡಗಡೆ ಇರುತ್ತದೆ. ‘ಎಸ್’ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ. ಗುರುತೇ ಇಲ್ಲದಿದ್ದರೆ ಮೊದಲ ವರ್ಷಗಳಲ್ಲಿ ಫಿಲಡೆಲ್ಫಿಯಾ, 1920ರಿಂದ 1922ರವರೆಗೆ ಮನಿಲಾ. 1925ರಿಂದ ಮನಿಲಾದ ನಾಣ್ಯಗಳ ಮೇಲೆ ‘ಎಂ’ ಬಂತು.

ಈಗ ಮುಖ್ಯ ವಿಷಯ. ಬೆಳ್ಳಿ ನಾಣ್ಯಗಳಿಗೆ 1907 ಒಂದು ಗಡಿ. ಎರಡು ಪೇಸೊಗೆ ಒಂದು ಡಾಲರ್ ಎಂದು ದರ ಕಟ್ಟಿದ್ದರು. 1905ರ ಹೊತ್ತಿಗೆ ಬೆಳ್ಳಿಯ ಬೆಲೆ ಏರಿ, ನಾಣ್ಯದ ಮುಖಬೆಲೆಗಿಂತ ಅದರೊಳಗಿನ ಬೆಳ್ಳಿಯೇ ದುಬಾರಿಯಾಯಿತು. ಜನ ಕರಗಿಸತೊಡಗಿದರು, ಹೊರದೇಶಕ್ಕೆ ಸಾಗಿಸತೊಡಗಿದರು. ಸರ್ಕಾರ ಗಾತ್ರವನ್ನೂ ಬೆಳ್ಳಿಯ ಪಾಲನ್ನೂ ಇಳಿಸಿತು. 1903–06ರ ಪೇಸೊ 26.96 ಗ್ರಾಂ, ಶೇ 90 ಬೆಳ್ಳಿ, 38 ಮಿ.ಮೀ. ಅಗಲ. 1907–12ರದ್ದು 20 ಗ್ರಾಂ, ಶೇ 80 ಬೆಳ್ಳಿ, 35–36 ಮಿ.ಮೀ. ಐವತ್ತು ಸೆಂಟಾವೊ (ನೂರು ಸೆಂಟಾವೊಗೆ ಒಂದು ಪೇಸೊ) 13.48ರಿಂದ 10 ಗ್ರಾಂಗೆ, ಇಪ್ಪತ್ತು 5.39ರಿಂದ 4ಕ್ಕೆ, ಹತ್ತು 2.69ರಿಂದ 2ಕ್ಕೆ ಇಳಿದವು. ಈ ಚಿಕ್ಕವುಗಳಲ್ಲಿ ಬೆಳ್ಳಿ ಶೇ 75. ಇಸವಿಗೂ ತೂಕಕ್ಕೂ ತಾಳೆಯಾಗದಿದ್ದರೆ ಮಾತು ಮುಗಿಯಿತು. 1905 ಎಂದು ಬರೆದ ಪೇಸೊ 20 ಗ್ರಾಂ ತೂಗಿದರೆ ಕೆತ್ತನೆ ಎಷ್ಟೇ ಸೊಗಸಾಗಿರಲಿ, ವಾಪಸ್ ಕೊಡಿ. ಸವೆತದಿಂದ ಕಾಲು ಗ್ರಾಂ ಕಡಿಮೆಯಾದೀತು, ಏಳು ಗ್ರಾಂ ಅಲ್ಲ.

ಇದಕ್ಕೆ ಬೇಕಾದ ಸಾಮಾನು ಸ್ವಲ್ಪವೇ: 0.01 ಗ್ರಾಂ ತೋರಿಸುವ ಜೇಬು ತಕ್ಕಡಿ, ಪ್ಲಾಸ್ಟಿಕ್ ಕ್ಯಾಲಿಪರ್ (ಕಬ್ಬಿಣದ್ದು ಅಂಚಿಗೆ ಗೀರು ಹಾಕುತ್ತದೆ), ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಒಂದು ಗಟ್ಟಿ ಮ್ಯಾಗ್ನೆಟ್. ಮ್ಯಾಗ್ನೆಟ್‌ಗೆ ಅಂಟಿದರೆ ನಕಲಿ. ಅಂಟದಿದ್ದರೆ ಅಸಲಿ ಅಂತೇನೂ ಅಲ್ಲ, ತಾಮ್ರ-ನಿಕ್ಕಲ್ ಮಿಶ್ರಣವೂ ಅಂಟುವುದಿಲ್ಲ.

ತೂಕ ಸರಿಯಿದ್ದೂ ಅನುಮಾನ ಹೋಗದಿದ್ದರೆ ನೀರಿನ ಪರೀಕ್ಷೆ ಮಾಡಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ, ತಳ, ಗೋಡೆ ತಾಕದಿರಲಿ. ಆಗ ತಕ್ಕಡಿ ತೋರಿಸುವ ಅಂಕಿಯೇ ನಾಣ್ಯ ಸರಿಸಿದ ನೀರಿನ ತೂಕ. ದೊಡ್ಡ ಪೇಸೊಗೆ (1903–06) 2.6 ಗ್ರಾಂ ಆಸುಪಾಸು, ಚಿಕ್ಕ ಪೇಸೊಗೆ (1907–12) 1.97 ಬರಬೇಕು. ಅಷ್ಟೇ ತೂಕದ ತಾಮ್ರ-ನಿಕ್ಕಲ್ ನಕಲಿ ದೊಡ್ಡದರಲ್ಲಿ 3.0, ಚಿಕ್ಕದರಲ್ಲಿ 2.25ರಷ್ಟು ತೋರಿಸುತ್ತದೆ. ಅಂಚಿನ ಗೆರೆಗಳಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಅಂಕಿ ಸುಳ್ಳೇ ಏರಿ ಅಸಲಿಯೂ ನಕಲಿಯಂತೆ ಕಾಣುತ್ತದೆ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ಮುಗಿದ ಮೇಲೆ ಬರಿ ನೀರಿನಲ್ಲಿ ಅದ್ದಿ ತೆಗೆದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಉಜ್ಜಬೇಡಿ.

ಪೇಸೊಗಳಲ್ಲಿ ಎಲ್ಲರೂ ಹುಡುಕುವುದು 1906-ಎಸ್. ಅಚ್ಚಾದದ್ದು 2,01,000, ಬಹುಪಾಲು ಚಲಾವಣೆಗೇ ಬರಲಿಲ್ಲ. ಹಾಗಾಗಿ ಇಸವಿಯ ಕೊನೆಯ ಅಂಕಿ ತಿದ್ದಿದವು, ಪೂರ್ತಿ ನಕಲಿಗಳು ಎರಡೂ ಓಡಾಡುತ್ತವೆ. 1908ರ 8 ಅನ್ನು ಕೊರೆದು 6 ಮಾಡಿದ್ದರೆ ತೂಕದಲ್ಲೇ ಸಿಕ್ಕಿಬೀಳುತ್ತದೆ. 1903, 04, 05ರ ದೊಡ್ಡ ಪೇಸೊವನ್ನೇ ತಿದ್ದಿದ್ದರೆ ತೂಕ ಸರಿಯಿರುತ್ತದೆ. ಆಗ ಲೂಪ್ ಹಿಡಿದು 6ರ ಸುತ್ತಲಿನ ಬಯಲು ನೋಡಿ: ಉಳಿದ ಅಂಕಿಗಳ ಸುತ್ತ ಇರುವ ಹೊಳಪು ಅಲ್ಲಿಲ್ಲದೆ ಕೆರೆದ ಗುರುತೋ, ಬುಡದಲ್ಲಿ ಸಣ್ಣ ಬಿರುಕೋ ಕಂಡೀತು. ಹೆಸರಾಂತ ಗ್ರೇಡಿಂಗ್ ಸಂಸ್ಥೆಯ (ನಾಣ್ಯ ಅಸಲಿಯೇ ಎಂದು ನೋಡಿ, ಸ್ಥಿತಿಗೆ ದರ್ಜೆ ಕೊಡುವವರು) ಡಬ್ಬಿಯಲ್ಲಿ ಮೊಹರಾಗಿರದ 1906-ಎಸ್ ಅನ್ನು ಕೊಳ್ಳಲೇಬೇಡಿ. 1911 ಮತ್ತು 1912 ಕೂಡ ವಿರಳವೇ, ಆದರೆ ಅವಕ್ಕೆ ಇಷ್ಟು ಗದ್ದಲವಿಲ್ಲ.

ಕಪ್ಪಾಗಿ, ಮೈಯೆಲ್ಲ ಸಣ್ಣ ಗುಳಿ ಬಿದ್ದ ಪೇಸೊಗಳು ಅಗ್ಗಕ್ಕೆ ಸಿಗುತ್ತವೆ. 1942ರಲ್ಲಿ ಜಪಾನೀಯರ ಕೈಗೆ ಸಿಗದಿರಲೆಂದು ಕೊರೆಹಿಡೋರ್ ದ್ವೀಪದ ಬಳಿಯ ಕಬಾಯೊ ಕೊಲ್ಲಿಯಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಪೇಸೊಗಳನ್ನು ಮುಳುಗಿಸಿದ್ದರು. ಆಮೇಲೆ ಮೇಲೆತ್ತಿದವುಗಳಿಗೆ ಉಪ್ಪುನೀರು ಮಾಡಿದ ಗಾಯ ಇದು. ಚರಿತ್ರೆಗಾಗಿ ಒಂದನ್ನು ಇಟ್ಟುಕೊಳ್ಳಬಹುದು, ಬೆಳ್ಳಿಯ ಬೆಲೆಗೆ ಹೆಚ್ಚು ಸೇರಿಸಿ ಕೊಡಬೇಕಾಗಿಲ್ಲ. ಲೆಕ್ಕ ಸುಲಭ: ದೊಡ್ಡ ಪೇಸೊದಲ್ಲಿ 24.26 ಗ್ರಾಂ ಶುದ್ಧ ಬೆಳ್ಳಿ, ಚಿಕ್ಕದರಲ್ಲಿ 16 ಗ್ರಾಂ. ಆ ದಿನದ ದರದಿಂದ ಗುಣಿಸಿ. ಕಪ್ಪು ತೆಗೆಯಲು ರಾಸಾಯನಿಕದಲ್ಲಿ ಅದ್ದಿದರೆ ಗುಳಿಗಳೇ ಇನ್ನಷ್ಟು ಎದ್ದು ಕಾಣುತ್ತವೆ.

ಚಿಲ್ಲರೆಯಲ್ಲಿ ತಮಾಷೆಯ ಬೇಟೆಯೊಂದಿದೆ. 5 ಸೆಂಟಾವೊ ಮತ್ತು 20 ಸೆಂಟಾವೊ ಹೆಚ್ಚುಕಡಿಮೆ ಒಂದೇ ಅಗಲ ಇದ್ದುದರಿಂದ ಟಂಕಸಾಲೆಯಲ್ಲಿ ಅಚ್ಚುಗಳು ಅದಲುಬದಲಾದವು. 1918-ಎಸ್ 5 ಸೆಂಟಾವೊಗಳಲ್ಲಿ ಕೆಲವಕ್ಕೆ 20ರ ಹದ್ದಿನ ಬದಿ ಬಿದ್ದಿದೆ. ಮಾಮೂಲಿಯ ಪಕ್ಕ ಇಟ್ಟರೆ ಗುರಾಣಿ ಕಿರಿದು, ಇಸವಿ ಸಣ್ಣದು. 1928-ಎಂ 20 ಸೆಂಟಾವೊದಲ್ಲಿ ಇದು ತಿರುಗುಮುರುಗಾಗಿದೆ. 1930ರಲ್ಲಿ 5 ಸೆಂಟಾವೊವನ್ನು 19 ಮಿ.ಮೀ.ಗೆ ಇಳಿಸಿದ ಮೇಲೆ ಈ ಗೊಂದಲ ನಿಂತಿತು. ಅಗ್ಗದ ರಾಶಿಯಲ್ಲಿ 1918ರ ನಿಕ್ಕಲ್ ಕಂಡರೆ ಒಮ್ಮೆ ತಿರುಗಿಸಿ ನೋಡಿ.

ಕೊಳ್ಳುವ ಕ್ರಮ ಹೀಗಿರಲಿ. ಮೊದಲು ಯುದ್ಧದ ಕೊನೆಯಲ್ಲಿ ಅಮೆರಿಕದಲ್ಲಿ ಅಚ್ಚಾದ 1944–45ರ ಚಿಲ್ಲರೆ. ಹೊಚ್ಚಹೊಸ ಸ್ಥಿತಿಯಲ್ಲೇ ಅಗ್ಗಕ್ಕೆ ಸಿಗುತ್ತವೆ, ಸವೆಯದ ಮೇಲ್ಮೈ ಹೇಗಿರುತ್ತದೆಂದು ಕಣ್ಣಿಗೆ ಪಾಠವೂ ಆಗುತ್ತದೆ. ಆಮೇಲೆ 1908 ಅಥವಾ 1909ರ ಪೇಸೊ, ಅದಾದ ಮೇಲೆ ದೊಡ್ಡ ಪೇಸೊ. ಪ್ರತಿ ಇಸವಿಯ ಬೆನ್ನು ಹತ್ತುವ ಬದಲು ಪ್ರತಿ ಬಗೆಗೆ ಒಂದೊಂದು ಸಾಕು. 1936ರ ಮೂರು ಸ್ಮರಣಾರ್ಥ ನಾಣ್ಯಗಳು (ಎರಡು ಪೇಸೊ ತಲಾ 10,000, ಒಂದು ಐವತ್ತು ಸೆಂಟಾವೊ 20,000 ಅಚ್ಚಾದವು) ಕೊನೆಗಿರಲಿ.

ತೊಳೆಯುವ ಚಪಲ ಬಿಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಉಜ್ಜಿದ ಬೆಳ್ಳಿಯನ್ನು ದೀಪದಡಿ ಓರೆಯಾಗಿ ತಿರುಗಿಸಿದರೆ ಒಂದೇ ದಿಕ್ಕಿಗೆ ಸಾಗುವ ಕೂದಲೆಳೆ ಗೀರುಗಳು ಮಿನುಗುತ್ತವೆ, ಬೆಲೆ ಅಲ್ಲೇ ಬೀಳುತ್ತದೆ. ಮೆತ್ತನೆಯ ಪಿವಿಸಿ ಚೀಲಗಳು ವರ್ಷಗಳಲ್ಲಿ ಹಸಿರು ಜಿಗುಟು ಬಿಡುತ್ತವೆ; ಹೊಸದಾಗಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಬಹುದು (ಕಿಟಕಿ ತೆರೆದು, ಒಲೆಯಿಂದ ದೂರ; ನೇಲ್ ಪಾಲಿಶ್ ರಿಮೂವರ್ ಅಲ್ಲ). ಮೈಲಾರ್ (ಪಾರದರ್ಶಕ ಪಾಲಿಯೆಸ್ಟರ್ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರ್ ಬಳಸಿ, ಸ್ಟೇಪಲ್ ಪಿನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು. ಮಂಗಳೂರು, ಕಾರವಾರದಂಥ ಊರಿನವರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಮಳೆಗಾಲದಲ್ಲಿ ಆಗಾಗ ಬದಲಿಸಬೇಕು.

ಭಾರತದಲ್ಲಿರುವವರು ಗಮನಿಸಿ: 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಖ್ಯೆಯಲ್ಲಿ ನೂರು ವರ್ಷ ದಾಟಿದ ನಾಣ್ಯಗಳೂ ಸೇರುತ್ತವೆ, ಅಂಥವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಆದ್ದರಿಂದ 1908ರ ಪೇಸೊವನ್ನು ಗ್ರೇಡಿಂಗ್‌ಗೆಂದು ಅಂಚೆಗೆ ಹಾಕುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣದ ಕಚೇರಿಯಲ್ಲಿ ಕೇಳಿ. ಗ್ರೇಡ್ ಆದದ್ದೇ ಬೇಕೆಂದರೆ ಹೊರಗೆ ಗ್ರೇಡ್ ಮಾಡಿಸಿದ್ದನ್ನೇ ತರಿಸಿಕೊಂಡು ಬಿಲ್ಲನ್ನೂ ಕಸ್ಟಮ್ಸ್ ರಸೀದಿಯನ್ನೂ ನಾಣ್ಯದ ಜತೆಗೇ ಇಡಿ.