ತೈಲವರ್ಣದಲ್ಲಿ ಸ್ವಂತ ಶೈಲಿ: ಕರಾವಳಿಯ ಚಿತ್ರಕಾರರಿಗೆ ಕೆಲವು ಸೂಚನೆಗಳು

ತೈಲವರ್ಣದ ಪ್ರಾಥಮಿಕ ಪಾಠಗಳನ್ನು ಮುಗಿಸಿ ಕೈ ಸ್ವಲ್ಪ ಪಳಗಿದ ಮೇಲೆ ಹೆಚ್ಚಿನವರನ್ನು ಕಾಡುವ ಪ್ರಶ್ನೆ ಸ್ವಂತ ಶೈಲಿಯದು. ಮಂಗಳೂರು, ಉಡುಪಿಯ ಕಡೆ ಇದಕ್ಕೆ ಉತ್ತರವನ್ನು ಸಾಮಾನ್ಯವಾಗಿ ಚಿತ್ರದ ವಸ್ತುವಿನಲ್ಲಿ ಹುಡುಕಲಾಗುತ್ತದೆ: ಯಕ್ಷಗಾನದ ಕಿರೀಟ, ಭೂತದ ಅಣಿ, ಕಂಬಳದ ಕೋಣ, ಮಲ್ಪೆಯ ದೋಣಿ ಇವುಗಳಲ್ಲಿ ಒಂದನ್ನು ಹಿಡಿದುಕೊಂಡರೆ ಶೈಲಿ ದೊರೆಯಿತೆಂಬ ನಂಬಿಕೆ ಇದೆ. ವಸ್ತು ಶೈಲಿಯಲ್ಲ. ಒಂದೇ ಪ್ರಸಂಗದ ಒಂದೇ ಪದ್ಯವನ್ನು ಇಬ್ಬರು ಭಾಗವತರು ಹಾಡಿದಾಗ ಕಣ್ಣು ಮುಚ್ಚಿ ಕುಳಿತವರಿಗೂ ಯಾರದು ಯಾವ ಹಾಡುಗಾರಿಕೆ ಎಂಬುದು ತಿಳಿಯುವಂತೆ, ಒಂದೇ ದೋಣಿಯನ್ನು ಹಲವರು ಚಿತ್ರಿಸಿದಾಗಲೂ ಗುರುತು ಸಿಗಬೇಕಾದದ್ದು ಬೆಳಕು ನೆರಳುಗಳ ಅಂತರದಲ್ಲಿ, ಅಂಚುಗಳನ್ನು ಎಲ್ಲಿ ಚೂಪಾಗಿಟ್ಟು ಎಲ್ಲಿ ಕರಗಿಸಲಾಗಿದೆ ಎಂಬುದರಲ್ಲಿ, ಬಣ್ಣದ ದಪ್ಪದಲ್ಲಿ ಮತ್ತು ಏನನ್ನು ಬಿಟ್ಟುಬಿಡಲಾಗಿದೆ ಎಂಬುದರಲ್ಲಿ.

ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಬೆಳವಣಿಗೆಯನ್ನು ಈ ದೃಷ್ಟಿಯಿಂದ ಗಮನಿಸುವುದು ಉಪಯುಕ್ತ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಅವರು ಪಡೆದದ್ದು ಶುದ್ಧ ಶಾಸ್ತ್ರೀಯ ತರಬೇತಿ. ಅನಂತರ ಅಮೃತಾ ಶೇರ್‌ಗಿಲ್ ಮತ್ತು ಪಾಲ್ ಗೊಗ್ಯಾನ್ ಅವರ ಪ್ರಭಾವ ಬಂತು, ಪ್ಯಾರಿಸ್‌ನ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ನಡೆಯಿತು, ಲಯವನ್ನು ಅರಿಯಲು ಕಥಕ್ ನೃತ್ಯವನ್ನೂ ಅವರು ಕಲಿತರು. ಇಂದು ನಾವು ಹೆಬ್ಬಾರರದೆಂದು ಗುರುತಿಸುವ ಆ ಚಲನಶೀಲ ರೇಖೆ ಇಷ್ಟೆಲ್ಲವನ್ನೂ ಹಾದು ಬಂದದ್ದೇ ಹೊರತು ಮೊದಲೇ ಆರಿಸಿಕೊಂಡದ್ದಲ್ಲ. ಪ್ರಭಾವಕ್ಕೆ ಅಂಜಬೇಕಿಲ್ಲ; ಒಂದೇ ಪ್ರಭಾವದಲ್ಲಿ ನಿಂತುಬಿಡುವುದಕ್ಕೆ ಅಂಜಬೇಕು.

ಅಭ್ಯಾಸವನ್ನು ಆರಂಭಿಸುವವರು ಮೊದಲು ತಮ್ಮ ಆಯ್ಕೆಗಳನ್ನು ಕಡಿಮೆ ಮಾಡಿಕೊಳ್ಳಬೇಕು. ಮನೆಯಿಂದ ನಡೆದುಹೋಗಬಹುದಾದ ಒಂದು ಸ್ಥಳವನ್ನು, ಉದಾಹರಣೆಗೆ ಹಳೆಯ ಹಂಚಿನ ಮಾಡು ಮತ್ತು ಅದರ ಮುಂದಿನ ಮುರಕಲ್ಲಿನ ಪಾಗಾರವನ್ನು, ಆರಿಸಿಕೊಂಡು ಒಂದು ಋತುವಿಡೀ ಸಣ್ಣ ಸಣ್ಣ ಬೋರ್ಡುಗಳ ಮೇಲೆ ಅದನ್ನೇ ಚಿತ್ರಿಸಿರಿ. ಬಣ್ಣಗಳನ್ನೂ ಐದಕ್ಕೆ ಇಳಿಸಿರಿ: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ನ್ಟ್ ಸಿಯೆನಾ, ಕ್ಯಾಡ್ಮಿಯಂ ರೆಡ್, ಅಲ್ಟ್ರಾಮರೀನ್ ಬ್ಲೂ. ಸ್ವೀಡನ್ನಿನ ಆಂಡರ್ಸ್ ಜೋರ್ನ್ ಬಿಳಿ, ಓಕರ್, ವರ್ಮಿಲಿಯನ್ ಮತ್ತು ಕಪ್ಪು ಎಂಬ ನಾಲ್ಕೇ ಬಣ್ಣಗಳ ಪ್ಯಾಲೆಟ್ಟಿಗೆ ಹೆಸರಾದವರು. ಟ್ಯೂಬುಗಳು ಕಡಿಮೆಯಾದಷ್ಟೂ ಬೆರಕೆಯ ನಿರ್ಧಾರಗಳು ಚಿತ್ರಕಾರನವೇ ಆಗುತ್ತವೆ, ಮತ್ತು ಆ ನಿರ್ಧಾರಗಳಲ್ಲಿಯೇ ಶೈಲಿಯ ಮೊದಲ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಹಂಚನ್ನೇ ನೋಡೋಣ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಊರಿನ ಮೇಲುಗಡೆಯ ಬಣ್ಣವೇ ಈ ಹಂಚಿನದಾಯಿತು, ಆದರೆ ಕೆಂಪು ಹಂಚು ಕೆಂಪಾಗಿ ಕಾಣುವ ಹೊತ್ತು ಬಹಳ ಕಡಿಮೆ. ಬೇಸಗೆಯ ನಡುಹಗಲಿನಲ್ಲಿ ಅದು ಬಿಳಿ ಬೆರೆತ ಮಂಕು ಗುಲಾಬಿಯಾಗಿ ತೋರುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಹಾವಸೆ ಹತ್ತಿದ ಹಳೆಯ ಹಂಚು ಕಪ್ಪಿಗೆ ತಿರುಗುತ್ತದೆ, ಒದ್ದೆಯಾದ ಇಳಿಜಾರು ಮಾತ್ರ ಆಕಾಶದ ಬೂದುಬಣ್ಣವನ್ನು ಪ್ರತಿಫಲಿಸುತ್ತದೆ. ಬರ್ನ್ಟ್ ಸಿಯೆನಾಕ್ಕೆ ಅಲ್ಟ್ರಾಮರೀನ್ ಸೇರಿಸಿ ಕಪ್ಪಿಗೆ ಹತ್ತಿರವಾದ ಬೆಚ್ಚನೆಯ ಗಾಢ ಬಣ್ಣವೊಂದನ್ನು ಮಾಡಿ, ಅದನ್ನು ತೆಳುವಾಗಿ ಬಳಿದು, ಅದರ ಮೇಲೆ ಪ್ಯಾಲೆಟ್ ನೈಫಿನಿಂದ ತಣ್ಣನೆಯ ಬೂದುಬಣ್ಣವನ್ನು ಒಂದೇ ಎಳೆತದಲ್ಲಿ ಎಳೆದರೆ ಸಾಕು, ಹಂಚುಗಳನ್ನು ಒಂದೊಂದಾಗಿ ಬರೆಯಬೇಕಾದ ಅಗತ್ಯವೇ ಬೀಳುವುದಿಲ್ಲ. ಇದೇ ಮಾಡಿಗೆ ಇನ್ನೊಬ್ಬರು ಸಣ್ಣ ಕುಂಚದ ನೂರಾರು ಗೀಟುಗಳನ್ನು ಬಳಸಬಹುದು. ಎರಡೂ ಸರಿಯೇ, ಪ್ರತಿಸಲವೂ ನಿಮ್ಮ ಕೈ ಯಾವುದರ ಕಡೆಗೆ ವಾಲುತ್ತದೆ ಎಂಬುದನ್ನು ಗುರುತಿಟ್ಟುಕೊಳ್ಳಿರಿ.

ಹಸಿರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ಕರಾವಳಿಯ ನಿಸರ್ಗ ಚಿತ್ರಗಳನ್ನು ಹೆಚ್ಚಾಗಿ ಕೆಡಿಸುವುದು ಟ್ಯೂಬಿನಿಂದ ನೇರವಾಗಿ ಬಂದ ಹಸಿರು. ಓಕರ್ ಮತ್ತು ಅಲ್ಟ್ರಾಮರೀನ್‌ನಿಂದ ಬರುವ ಮಂದವಾದ ಹಸಿರು ಅಡಿಕೆ ತೋಟದ ನೆರಳಿಗೆ ಸರಿಹೊಂದುತ್ತದೆ, ಅದಕ್ಕೆ ಒಂದಿಷ್ಟು ಕೆಂಪು ಬೆರೆಸಿದರೆ ಒಣಗುತ್ತಿರುವ ಸೋಗೆಯ ಬಣ್ಣ ಸಿಗುತ್ತದೆ. ನಾಟಿಯ ಗದ್ದೆಯ ಎಳೆ ಹಸಿರಿಗೆ ಮಾತ್ರ ಇದು ಸಾಲದು. ಆಗ ಲೆಮನ್ ಯೆಲ್ಲೋ ಆರನೆಯ ಬಣ್ಣವಾಗಿ ಬರಲಿ.

ಹಿರಿಯರ ಕೃತಿಗಳನ್ನು ನಕಲು ಮಾಡುವುದು ಶೈಲಿಗೆ ಮಾರಕವೆಂದು ಹೇಳುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ. ಆದರೆ ಮೊಬೈಲ್ ಪರದೆಯಿಂದ ನಕಲು ಮಾಡಿದರೆ ಬಣ್ಣದ ದಪ್ಪವಾಗಲಿ ಕುಂಚದ ದಿಕ್ಕಾಗಲಿ ತಿಳಿಯುವುದಿಲ್ಲವಾದ್ದರಿಂದ ಮೂಲವನ್ನೇ ನೋಡಬೇಕು. ಮಂಗಳೂರಿನವರಿಗೆ ಇದಕ್ಕೆ ದೂರ ಹೋಗಬೇಕಿಲ್ಲ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ರಚಿಸಿದ ಚಿತ್ರಗಳಲ್ಲಿ ಫ್ರೆಸ್ಕೊ (ಹಸಿ ಗಾರೆಯ ಮೇಲೆ ಬರೆಯುವ ಭಿತ್ತಿಚಿತ್ರ) ಮತ್ತು ಕ್ಯಾನ್ವಾಸಿನ ತೈಲವರ್ಣ ಎರಡೂ ಇವೆ. ಫ್ರೆಸ್ಕೊದಲ್ಲಿ ಗಾರೆ ಒಣಗುವ ಮೊದಲೇ ಎಲ್ಲ ನಿರ್ಧಾರಗಳೂ ಆಗಬೇಕು. ತೈಲವರ್ಣದಲ್ಲಿ ವಾರ ಕಳೆದ ಮೇಲೂ ತಿದ್ದಬಹುದು. ಮಾಧ್ಯಮ ಬದಲಾದರೂ ಬದಲಾಗದೆ ಉಳಿದದ್ದು ಯಾವುದು, ಮುಖದ ಮೇಲೆ ಬೆಳಕು ಬೀಳಿಸುವ ಕ್ರಮವೇ, ಬಟ್ಟೆಯ ಮಡಿಕೆಗಳೇ ಎಂದು ಸ್ಕೆಚ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಮಾಡಿಕೊಂಡರೆ ಶೈಲಿ ಎಂಬುದು ನೆಲೆಸುವುದು ಎಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಇನ್ನು ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಮ್ಮ ಊರಿನಲ್ಲಿ ತೈಲವರ್ಣದ ಮಾತು ಮುಗಿಯುವುದಿಲ್ಲ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಹಾಗೂ ಮಬ್ಬು ಬೆಳಕಿನಲ್ಲಿ ಈ ಕ್ರಿಯೆ ನಿಧಾನವಾಗುತ್ತದೆ. ಪದರದ ಮೇಲೆ ಪದರ ಕಟ್ಟುವ ಕ್ರಮವನ್ನು ಇಷ್ಟಪಡುವವರು ಆ ಕೆಲಸವನ್ನು ಬೇಸಗೆಗೆ ಇಟ್ಟುಕೊಂಡು, ಮಳೆಗಾಲದಲ್ಲಿ ಹಸಿ ಬಣ್ಣದ ಮೇಲೆಯೇ ಹಸಿ ಬಣ್ಣವಿಟ್ಟು ಒಂದೇ ಬೈಠಕ್ಕಿನಲ್ಲಿ ಚಿತ್ರ ಮುಗಿಸುವುದು ಒಳ್ಳೆಯದು. ಅಂಬರ್ ಎಂಬ ಕಂದು ಮಣ್ಣುಬಣ್ಣ ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ಎಂಬ ಕಪ್ಪು ತಡಮಾಡುತ್ತದೆ. ಆದ್ದರಿಂದ ಕೆಳಪದರಕ್ಕೆ ಮೊದಲನೆಯದು ಯೋಗ್ಯ. ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೆಚ್ಚು ಎಂಬ ನಿಯಮವನ್ನು ಮೀರಿದರೆ ಮೇಲ್ಪದರ ಬಿರಿಯುತ್ತದೆ, ಅದನ್ನು ಯಾರೂ ಶೈಲಿ ಎನ್ನಲಾರರು. ಕ್ಯಾನ್ವಾಸನ್ನು ಒದ್ದೆ ಗೋಡೆಗೆ ಒರಗಿಸಿಟ್ಟರೆ ಹಿಂಬದಿಯಲ್ಲಿ ಬೂಸ್ಟು ಹಿಡಿಯುವುದು ಖಂಡಿತ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು, ಅದು ಒಳಗೊಳಗೇ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ನೆನೆಸಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಿ.

ಋತು ಮುಗಿದ ಮೇಲೆ ಎಲ್ಲ ಬೋರ್ಡುಗಳನ್ನೂ ಒಂದೇ ಗೋಡೆಗೆ ಸಾಲಾಗಿ ನಿಲ್ಲಿಸಿ, ಕೆಲವನ್ನು ತಲೆಕೆಳಗಾಗಿಟ್ಟು, ದೂರದಿಂದ ನೋಡಿರಿ. ವಸ್ತು ಮರೆಯಾದಾಗಲೂ ಮತ್ತೆ ಮತ್ತೆ ಕಾಣಿಸುವುದು ಯಾವುದೋ ಅದನ್ನು ಪ್ರತಿ ಬೋರ್ಡಿನ ಹಿಂಬದಿಯಲ್ಲಿ ದಿನಾಂಕದೊಂದಿಗೆ ಬರೆಯಿರಿ. ಇಲ್ಲಿ ಒಂದು ಎಚ್ಚರಿಕೆ ಬೇಕು: ಮರುಕಳಿಸುವುದೆಲ್ಲ ಶೈಲಿಯಲ್ಲ, ಬಹಳಷ್ಟು ಬರಿಯ ರೂಢಿ. ಪ್ರತಿ ಆಕಾರಕ್ಕೂ ಕಪ್ಪು ಗೆರೆ ಕಟ್ಟುವವರು ಒಂದು ತಿಂಗಳು ಗೆರೆಯಿಲ್ಲದೆ ಚಿತ್ರಿಸಿ ನೋಡಬೇಕು. ಗೆರೆಯಿಲ್ಲದೆಯೂ ಆಕಾರ ನಿಲ್ಲುವಂತಾದ ಮೇಲೆ, ಮತ್ತೆ ಬೇಕೆನಿಸಿ ಗೆರೆಯನ್ನು ತಂದರೆ ಅದು ಆಯ್ಕೆ. ನಿಲ್ಲದೆ ಹೋದರೆ ಗೆರೆ ಅಲ್ಲಿಯವರೆಗೆ ಕೊರತೆಯನ್ನು ಮುಚ್ಚುತ್ತಿತ್ತು ಎಂದರ್ಥ, ಮತ್ತು ಆಗ ಮಾಡಬೇಕಾದದ್ದು ಬೆಳಕು ನೆರಳಿನ ಅಂತರಗಳ ಅಭ್ಯಾಸ.

ಮುಂದಿನ ಋತುವಿಗೆ ಒಂದನ್ನು ಮಾತ್ರ ಬದಲಿಸಿರಿ. ಸ್ಥಳ ಅದೇ ಇದ್ದು ಬೋರ್ಡಿನ ಅಳತೆ ದೊಡ್ಡದಾಗಲಿ, ಇಲ್ಲವೇ ಬಣ್ಣಗಳು ಅವೇ ಇದ್ದು ಮಾಡಿನ ಬದಲು ದಕ್ಕೆಯ ಬೋಟುಗಳು ಬರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಚಿತ್ರ ಸುಧಾರಿಸಿದರೂ ಕೆಟ್ಟರೂ ಅದು ಯಾವುದರಿಂದ ಆಯಿತೆಂದು ಹೇಳಲಾಗುವುದಿಲ್ಲ. ಪ್ರದರ್ಶನಕ್ಕೆ ಕರೆ ಬಂದರೆ ಒಂದೇ ಸರಣಿಯ ಚಿತ್ರಗಳನ್ನು ಮಾತ್ರ ಕಳಿಸಿರಿ, ಮತ್ತು ದಪ್ಪ ಬಣ್ಣದ ಚಿತ್ರಗಳಿಗೆ ಕನಿಷ್ಠ ಆರು ತಿಂಗಳು ಕಳೆಯುವ ಮೊದಲು ಅಂತಿಮ ವಾರ್ನಿಷ್ ಬಳಿಯಬೇಡಿ.