ಕೂತಾಗ ಗೊಂದಲ, ಹಾರಿದಾಗ ಉತ್ತರ: ಮೂರು ಗದ್ದೆಗೊರವಗಳನ್ನು ಗುರುತಿಸುವುದು

ನೀರಂಚಿನ ಕೆಸರಲ್ಲಿ ಒಂದು ಕಂದು ಹಕ್ಕಿ ಓಡಾಡುತ್ತಿರುತ್ತದೆ. ಪುಸ್ತಕ ತೆಗೆದರೆ ಪುಟದ ತುಂಬ ಅದೇ ಹಕ್ಕಿ! ಚಳಿಗಾಲಕ್ಕೆ ಉತ್ತರದಿಂದ ಬರುವ ಗದ್ದೆಗೊರವಗಳ ಕಥೆಯೇ ಇದು. ಇವುಗಳಲ್ಲಿ ಕಾಮನ್, ಗ್ರೀನ್, ವುಡ್ ಸ್ಯಾಂಡ್‌ಪೈಪರ್ ಈ ಮೂರನ್ನು ಮೊದಲು ಕಲಿತುಬಿಡಿ. ಆಮೇಲೆ ಉಳಿದವು ಅಷ್ಟು ಹೆದರಿಸುವುದಿಲ್ಲ.

ಬಣ್ಣದಿಂದ ಶುರು ಮಾಡಬೇಡಿ. ಬೆಳಕು ಎದುರಿಗಿದ್ದರೆ ಎಲ್ಲವೂ ಕಪ್ಪೇ, ಇನ್ನು ಕಾಲಿನ ಬಣ್ಣವನ್ನಂತೂ ಕೆಸರು ಮುಚ್ಚಿಬಿಡುತ್ತದೆ. ಕೆಸರು ಮೆತ್ತಿದ ಹಳದಿ ಕಾಲನ್ನು ಕಡು ಹಸಿರು ಅಂತ ಬರೆದುಕೊಂಡು ನಾನೇ ಒಂದು ಇಡೀ ಬೆಳಗ್ಗೆ ತಪ್ಪು ಹೆಸರು ಹೇಳಿಕೊಂಡು ತಿರುಗಿದ್ದೇನೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವ ಹಾಗೆ ಕೂತುಕೊಳ್ಳಿ. 8x42 ಬೈನಾಕ್ಯುಲರ್ (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಮಸೂರ 42 ಮಿ.ಮೀ. ಇರುವಂಥದ್ದು) ಸಾಕು.

ಮೊದಲು ನಡೆ ನೋಡಿ. ಹಿಂಭಾಗವನ್ನು ಒಂದೇ ಸಮ ಮೇಲೆ ಕೆಳಗೆ ಕುಣಿಸುತ್ತಾ ಓಡಾಡುತ್ತಿದೆಯಾ? ಬಹುಶಃ ಕಾಮನ್. ಉಳಿದೆರಡೂ ಆಗಾಗ ಕುಣಿಸುತ್ತವೆ, ಆದರೆ ಇದರ ಹಾಗೆ ಬಿಡುವಿಲ್ಲದೆ ಅಲ್ಲ. ಖಾತ್ರಿ ಬೇಕಿದ್ದರೆ ಭುಜದ ಹತ್ತಿರ ನೋಡಿ. ಎದೆಯ ಪಕ್ಕದ ಕಂದು ಮತ್ತು ಮಡಚಿದ ರೆಕ್ಕೆಯ ನಡುವೆ ಹೊಟ್ಟೆಯ ಬಿಳಿ ಬಣ್ಣ ಮೇಲಕ್ಕೆ ನುಗ್ಗಿರುತ್ತದೆ. ಬಾಲವೂ ರೆಕ್ಕೆಯ ತುದಿಯನ್ನು ದಾಟಿ ಉದ್ದಕ್ಕೆ ಚಾಚಿರುತ್ತದೆ.

ಗ್ರೀನ್ ಮತ್ತು ವುಡ್ ವಿಷಯದಲ್ಲೇ ಜಾಸ್ತಿ ಜನ ಎಡವುವುದು. ಕೂತಿದ್ದಾಗ ಹುಬ್ಬು ನೋಡಿ. ವುಡ್‌ಗೆ ಉದ್ದನೆಯ ಬಿಳಿ ಹುಬ್ಬು, ಕಣ್ಣು ದಾಟಿ ಹಿಂದಕ್ಕೂ ಹೋಗುತ್ತದೆ. ಗ್ರೀನ್‌ಗೆ ಕಣ್ಣಿನ ಮುಂದೆ ಮಾತ್ರ ಒಂದು ಗೆರೆ, ಜೊತೆಗೆ ಕಣ್ಣಿನ ಸುತ್ತ ಬಿಳಿ ಉಂಗುರ. ವುಡ್‌ನ ಬೆನ್ನ ಮೇಲೆ ತಿಳಿ ಚುಕ್ಕೆಗಳು ಎದ್ದು ಕಾಣುತ್ತವೆ, ಮೈಕಟ್ಟು ತೆಳ್ಳಗೆ, ಕಾಲು ಉದ್ದ. ಗ್ರೀನ್ ಸ್ವಲ್ಪ ದಪ್ಪ, ಬೆನ್ನು ತುಂಬಾ ಗಾಢ, ಚುಕ್ಕೆ ಹತ್ತಿರದಿಂದ ಮಾತ್ರ ಕಾಣುವಷ್ಟು ಸಣ್ಣವು. ಹೆಸರಲ್ಲಿ ಹಸಿರು ಇದೆಯೆಂದು ಹಸಿರು ಹುಡುಕಿದರೆ ಸುಮ್ನೆ ಟೈಮ್ ವೇಸ್ಟ್.

ಇಷ್ಟೆಲ್ಲ ನೋಡುವಷ್ಟರಲ್ಲಿ ಹಕ್ಕಿ ಹಾರಿಬಿಡುತ್ತದೆ, ಅಲ್ವಾ? ಬೇಜಾರಾಗಬೇಡಿ, ಒಳ್ಳೆಯ ಗುರುತುಗಳು ಸಿಗುವುದೇ ಆಗ, ಅದಕ್ಕೇ ಬೈನಾಕ್ಯುಲರ್ ಇಳಿಸದೆ ಹಿಂಬಾಲಿಸಿ. ಗ್ರೀನ್ ಎದ್ದರೆ ರೆಕ್ಕೆಯ ಒಳಭಾಗ ಹೆಚ್ಚು ಕಡಿಮೆ ಕಪ್ಪು, ಬಾಲದ ಬುಡ ಮಾತ್ರ ಫಳ್ ಅಂತ ಬಿಳಿ. ವುಡ್‌ಗೂ ಬಾಲದ ಬುಡ ಬಿಳಿಯೇ, ಆದರೆ ರೆಕ್ಕೆಯ ಒಳಭಾಗ ತಿಳಿ ಬಣ್ಣ, ಕಾಲು ಬಾಲದಿಂದ ಚೆನ್ನಾಗಿ ಹೊರಗೆ ಚಾಚಿರುತ್ತದೆ. ಕಾಮನ್‌ಗೆ ಬಾಲದ ಬುಡ ಕಂದು, ರೆಕ್ಕೆಯ ಮೇಲೆ ಬಿಳಿ ಪಟ್ಟಿ. ಅದು ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಯನ್ನು ಬಿಗಿಯಾಗಿ ಬಾಗಿಸಿ, ನಡುಗಿಸಿ ನಡುಗಿಸಿ ತೇಲಿ ಹೋಗುತ್ತದೆ. ಒಮ್ಮೆ ನೋಡಿದರೆ ದೂರದಿಂದಲೇ ಗೊತ್ತಾಗುತ್ತದೆ.

ಕಿವಿಯೂ ತೆರೆದಿರಲಿ. ವುಡ್ 'ಚಿಫ್-ಇಫ್-ಇಫ್' ಎಂದು ಒಣ ದನಿಯಲ್ಲಿ ಕೂಗುತ್ತದೆ. ಗ್ರೀನ್‌ನದು 'ಟ್ಲುಈಟ್-ವಿಟ್-ವಿಟ್', ಜೋರು, ಸಂಗೀತದ ಹಾಗೆ. ಕಾಮನ್‌ನದು ತೆಳುವಾದ ಸಿಳ್ಳೆ, 'ಸ್ವೀ-ವೀ-ವೀ'. ಅಕ್ಷರದಲ್ಲಿ ಬರೆದದ್ದು ಅಷ್ಟಕ್ಕಷ್ಟೇ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಹೋಲಿಸಿ ನೋಡಿ.

ಜಾಗವೂ ಸುಳಿವು ಕೊಡುತ್ತದೆ. ಚರಂಡಿ, ಸಣ್ಣ ಹೊಂಡಗಳ ಬಳಿ ಒಂಟಿಯಾಗಿದ್ದು ನಿಮ್ಮನ್ನು ಕಂಡ ಕೂಡಲೇ ಕೂಗುತ್ತಾ ಎತ್ತರಕ್ಕೆ ಏರಿದರೆ ಅದು ಗ್ರೀನ್ ಇರಬಹುದು. ವುಡ್‌ಗಳು ಗುಂಪಾಗಿ ಸಿಗುವುದೇ ಹೆಚ್ಚು. ಜಾಗ ನೋಡಿಯೇ ಹೆಸರು ಇಟ್ಟುಬಿಡಬೇಡಿ, ಒಂಟಿ ವುಡ್ ಕೂಡ ಇರುತ್ತದೆ.

ಇನ್ನೊಂದು ಮಾತು. ಇದೆಲ್ಲ ಯುರೋಪ್, ಏಷ್ಯಾ, ಆಫ್ರಿಕಾಗಳ ಲೆಕ್ಕ. ಅಮೆರಿಕ ಖಂಡಗಳಲ್ಲಿ ಕಾಮನ್‌ನ ಜಾಗದಲ್ಲಿ ಸ್ಪಾಟೆಡ್ ಸ್ಯಾಂಡ್‌ಪೈಪರ್ ಇದೆ, ಚಳಿಗಾಲದಲ್ಲಿ ಅದರ ಎದೆಯ ಚುಕ್ಕೆಗಳೇ ಮಾಯ. ಅಲ್ಲಿನ ಸಾಲಿಟರಿ ಸ್ಯಾಂಡ್‌ಪೈಪರ್ ಥೇಟ್ ಗ್ರೀನ್ ಥರವೇ ಕಂಡರೂ, ಹಾರಿದಾಗ ಬಾಲದ ಬುಡ ಕಪ್ಪಗಿರುತ್ತದೆ.